ಮೂವತ್ತನಾಲ್ಕನೆಯ ಪಾದ

ಬಿಳಿ ಟೊಪ್ಪಿಯ ಸ್ವಯಂಸೇವಕ ಹರ್ಡಲನ್ನು ಕಾಲಿನಿಂದ ನೂಕಿ ಗುರುತಿಗೆ ಕೂರಿಸುತ್ತಿದ್ದಾನೆ, ಕಾಲಿನಿಂದ, ಕೈ ಇಲ್ಲವೇನೋ ಇವನಿಗೆ, ನನ್ನ ಕೋಚ್ ಜಯ ಸರ್ ಕಂಡಿದ್ದರೆ ಕಿವಿ ಹಿಂಡಿ ಕಳಿಸುತ್ತಿದ್ದರು, ಮುಟ್ಟುದಾದ್ರೆ ಎರಡು ಕೈಯಲ್ಲಿ ಮುಟ್ಟು ಹೇಮಾಕ್ಷಿ, ಅದು ನಿನ್ನ ಅನ್ನ ಮಾರಾಯ್ತಿ ಅಂತ ನನಗೆ ಹೇಳಿಕೊಟ್ಟವರು ಅವರು — ಹನ್ನೊಂದು ಗಂಟೆಯ ಬಿಸಿಲಿಗೆ ಸಿಂಥೆಟಿಕ್ ಟ್ರ್ಯಾಕಿನಿಂದ ಟಯರಿನ ವಾಸನೆ ಏಳುತ್ತಿದೆ, ಗ್ಯಾಲರಿಯ ಸಿಮೆಂಟು ಸೀರೆ ದಾಟಿ ಸುಡುತ್ತಿದೆ, ಪಕ್ಕದಲ್ಲಿ ನಿರೀಕ್ಷಾಳ ತಾಯಿ ಗುಣವತಿ, ಬೀಜದ ಫ್ಯಾಕ್ಟರಿಗೆ ಅರ್ಧ ದಿನ ರಜೆ ಹಾಕಿ ಬಂದವರು, ಗೇರುಸಿಪ್ಪೆಯ ಎಣ್ಣೆಗೆ ಕಪ್ಪಾದ ಬೆರಳುಗಳನ್ನು ಮಡಿಲಲ್ಲಿ ಮುಚ್ಚಿಟ್ಟುಕೊಂಡಿದ್ದಾರೆ. ಕೆಳಗೆ ನಾಲ್ಕನೇ ಲೇನಿನಲ್ಲಿ ನಿರೀಕ್ಷಾ, ಕಿತ್ತಳೆ ಬಣ್ಣದ ಸ್ಪೈಕ್ಸ್ ಶೂ, ನೂರು ಮೀಟರ್ ಹರ್ಡಲ್ಸ್, ಹೀಟ್ಸ್ ಇಲ್ಲ, ಎಂಟೇ ಹುಡುಗಿಯರು, ನೇರ ಫೈನಲ್, ಮೊದಲ ಇಬ್ಬರು ಯೂನಿವರ್ಸಿಟಿ ತಂಡಕ್ಕೆ. ಹತ್ತು ನಿಮಿಷದ ಹಿಂದೆ ವಾರ್ಮ್ ಅಪ್‌ನಲ್ಲಿ ಎರಡು ಹರ್ಡಲ್ ಹಾರಿ ಬಂದವಳು ಹುಬ್ಬು ಗಂಟು ಹಾಕಿ ನಿಂತಳು, ಮೇಡಂ, ಎರಡನೇದು ಸ್ವಲ್ಪ ದೂರ ಉಂಟಲ್ಲ. ಎಂತ ದೂರ, ಸಿಂಥೆಟಿಕ್‌ನಲ್ಲಿ ಹಾಗೇ ಕಾಣುದು, ನೀನು ಓಡು. ಅಂದದ್ದು ನಾನು. ಹೂಂ ಅಂದಳು, ಹುಬ್ಬು ಸಡಿಲವಾಯಿತು, ಅಷ್ಟೇ, ಇನ್ನೊಂದು ಪ್ರಶ್ನೆ ಇಲ್ಲ, ಕೇಳಬಾರದಿತ್ತೇ ಈ ಹುಡುಗಿ, ಒಂದು ಮಾತು ಜಗಳ ಮಾಡಬಾರದಿತ್ತೇ. ಆಮೇಲೆ ಅವಳ ಅಭ್ಯಾಸದಂತೆ ಹಿಮ್ಮಡಿಗೆ ಬೆರಳು ತಾಗಿಸಿ ಒಂದೊಂದೇ ಪಾದ ಇಟ್ಟು ಅಳೆಯಲು ಹೊರಟಳು, ಟ್ರ್ಯಾಕ್ ಬಿಡಿ ಬಿಡಿ ಅಂತ ಆ ಬಿಳಿ ಟೊಪ್ಪಿಯವ ಓಡಿಸಿದ, ನನಗೆ ಜೀವ ಬಂದ ಹಾಗಾಯಿತು.

ವಾಮಂಜೂರಿನ ನಮ್ಮ ಕಾಲೇಜು ಗ್ರೌಂಡಿನಲ್ಲಿ ಅವಳು ದಿನಾ ಬೆಳಗ್ಗೆ ಮಾಡುವುದೇ ಅದು, ಮೊದಲ ಹರ್ಡಲಿನ ಬುಡದಿಂದ ಎರಡನೆಯದರ ಬುಡದವರೆಗೆ, ಹಿಮ್ಮಡಿ, ಬೆರಳು, ಹಿಮ್ಮಡಿ, ಬೆರಳು, ಕೆಲವರು ತುಳಸಿಗೆ ಸುತ್ತು ಬರುವ ಹಾಗೆ, ಮೂವತ್ತಮೂರು ಮೇಡಂ, ಸರಿ ಉಂಟು. ಸರಿ ಇರಲಿಲ್ಲ. ಅವಳ ಪಾದಕ್ಕೆ ಮೂವತ್ತನಾಲ್ಕು ಇರಬೇಕಿತ್ತು, ಎಂಟೂವರೆ ಮೀಟರ್, ದೇಶದಲ್ಲೆಲ್ಲ ಅಷ್ಟೇ, ಆದರೆ ಹೊಸ ಬ್ಲಾಕ್ ಕಟ್ಟಿದ ಮೇಲೆ ನಮ್ಮ ಗ್ರೌಂಡು ಮೋಟಾಗಿದೆ, ಹತ್ತನೇ ಹರ್ಡಲ್ ದಾಟಿದರೆ ಎದುರಿಗೆ ಕಾಂಪೌಂಡಿನ ಕೆಂಪುಕಲ್ಲು, ಅದಕ್ಕೇ ನಾನು ಪ್ರತಿ ಗುರುತನ್ನೂ ಒಂದು ಶೂನಷ್ಟು ಹತ್ತಿರ ತಂದು ಸುಣ್ಣ ಹಾಕಿದೆ — ಅದಕ್ಕೇ ಅಂತ ಹೇಳಿಕೊಳ್ಳುತ್ತೇನೆ, ಯಾರೂ ಕೇಳದಿದ್ದರೂ ಹೇಳಿಕೊಳ್ಳುತ್ತೇನೆ. ನಿಜವೆಂದರೆ ಅವಳಿಗೆ ಎರಡು ಹರ್ಡಲಿನ ನಡುವಿನ ಮೂರು ಹೆಜ್ಜೆ ಸಾಲುತ್ತಿರಲಿಲ್ಲ, ಪ್ರತಿಸಲ ನಾಲ್ಕನೆಯದು ಕುಪ್ಪಳಿಸಿ ಅಳುತ್ತಿದ್ದಳು, ಹತ್ತಿರ ಇಟ್ಟ ದಿನ ಮೂರರಲ್ಲೇ ಹಾರಿದಳು, ಹತ್ತೂ ಹಾರಿದಳು, ಗೋಡೆಗೆ ಎರಡೂ ಕೈ ಬಡಿದು ನಿಂತು ನಕ್ಕಳು, ಆ ನಗು ಕಂಡ ಮೇಲೆ ನಿಜ ಹೇಳಲು ಯಾರಿಗೆ ಬಾಯಿ ಬರುತ್ತದೆ. ಹಾಗೆ ಮಕ್ಕಳಿಗೆ ಮೊದಲು ಹತ್ತಿರ ಇಡುವುದುಂಟು, ತಪ್ಪೇನಿಲ್ಲ, ಎಲ್ಲ ಕೋಚುಗಳೂ ಮಾಡುವುದೇ, ವಾರಕ್ಕೆ ಎರಡು ಬೆರಳು ಹಿಂದೆ ಸರಿಸುತ್ತ ಹೋಗಬೇಕು, ಮುಂದಿನ ವಾರ ಅಂದೆ, ಪರೀಕ್ಷೆ ಮುಗಿಯಲಿ ಅಂದೆ, ಅಷ್ಟರಲ್ಲಿ ಸ್ಟಾಪ್‌ವಾಚಿನಲ್ಲಿ ಹದಿನಾಲ್ಕೂವರೆ ಸೆಕೆಂಡ್ ಬಂತು, ಪ್ರಿನ್ಸಿಪಾಲ್ ರೂಬನ್ ಸರ್ ಗೇಟಿಗೆ ಫ್ಲೆಕ್ಸ್ ಕಟ್ಟಿಸಿದರು, ಅವಳ ಫೋಟೋದ ಪಕ್ಕ ನನ್ನದೂ, ತರಬೇತಿ ಹೇಮಾಕ್ಷಿ, ಮಾಜಿ ರಾಜ್ಯ ಚಾಂಪಿಯನ್. ಹನ್ನೊಂದು ವರ್ಷ ಆ ಕಾಲೇಜಿನಲ್ಲಿ ಸೀಟಿ ಊದಿದ್ದೇನೆ, ಬಾಲು ಎಣಿಸಿ ಕಪಾಟಿಗೆ ಬೀಗ ಹಾಕಿದ್ದೇನೆ, ಸ್ಪೋರ್ಟ್ಸ್ ಡೇಗೆ ಚಮಚದಲ್ಲಿ ಲಿಂಬೆ ಓಟ ಮಾಡಿಸಿದ್ದೇನೆ, ಒಬ್ಬಳು ಹರ್ಡಲರ್ ಸಿಕ್ಕಲಿಲ್ಲ. ಫ್ಲೆಕ್ಸಿನ ಕೆಳಗೆ ದಿನಾ ಸ್ಕೂಟರು ನಿಧಾನ ಮಾಡುತ್ತಿದ್ದೆ, ನಾಚಿಕೆಯಾಗುತ್ತದೆ, ನಿಧಾನ ಮಾಡುತ್ತಿದ್ದೆ.

ಜಯ ಸರ್ ನನಗೂ ಸುಳ್ಳು ಹೇಳಿದ್ದರು, ಅದನ್ನೇ ಹಿಡಿದುಕೊಂಡು ಕೂತಿದ್ದೇನೆ ಮೂರು ತಿಂಗಳಿಂದ. ಪಣಂಬೂರು ಬಂದರಿನಲ್ಲಿ ಕ್ರೇನ್ ಓಡಿಸುತ್ತಿದ್ದವರು, ಪಾಳಿ ಮುಗಿಸಿ ಸೀದಾ ಗ್ರೌಂಡಿಗೆ, ಅಂಗಿಯಲ್ಲಿ ಅದಿರಿನ ಕೆಂಪು ಧೂಳು, ಬೆಳಕು ಸರಿಯಾಗಿ ಹರಿಯುವ ಮೊದಲು ಹರ್ಡಲ್ ಇಟ್ಟಿರುತ್ತಿದ್ದರು, ಇವತ್ತು ಯಾಕೋ ಎತ್ತರ ಉಂಟು ಸರ್ ಅಂದರೆ ನಿನಗೆ ನಿದ್ದೆ ಬಿಟ್ಟಿಲ್ಲ, ಹಾರು. ಹಾರಿದೆ, ಬಿದ್ದೆ, ಮೊಣಕಾಲಿನ ಈ ಕಲೆ ಆಗಿನದ್ದು, ಮತ್ತೆ ಹಾರಿದೆ. ರಾಜ್ಯ ಕೂಟದ ದಿನ ಹರ್ಡಲ್‌ಗಳು ಅಡುಗೆಮನೆಯ ಮಣೆಯ ಹಾಗೆ ಕಂಡವು, ಗೆದ್ದೆ, ದಾಖಲೆ ಮಾಡಿದೆ, ವಾಪಸು ಬಸ್ಸಿನಲ್ಲಿ ಕಡ್ಲೆ ಸುಲಿಯುತ್ತ ಹೇಳಿದರು, ಎರಡು ತಿಂಗಳು ಹರ್ಡಲಿನ ಪಟ್ಟಿ ಒಂದು ತೂತು ಮೇಲೆ ಇಟ್ಟಿದ್ದೆ ಹೆಣ್ಣೇ, ನಿನಗೆ ಗೊತ್ತೇ ಆಗಲಿಲ್ಲ. ಬಸ್ಸಿನಲ್ಲಿ ಎಲ್ಲರೂ ನಕ್ಕರು. ಕೋಚ್ ಅಂದರೆ ಹೀಗೆಯೇ ಅಂದುಕೊಂಡೆ, ಸುಳ್ಳು ಸುಳ್ಳೇ ಅಲ್ಲವೇ, ಇದೂ ಅದೂ ಒಂದೇ ಅಲ್ಲವೇ — ಒಂದಲ್ಲ. ಅವರು ನನ್ನಿಂದ ಕಷ್ಟವನ್ನು ಅಡಗಿಸಿಟ್ಟಿದ್ದರು, ನಾನು ಅವಳಿಂದ ಸುಲಭವನ್ನು ಅಡಗಿಸಿಟ್ಟೆ. ಇದು ಈಗ ಹೊಳೆಯಬೇಕೇ, ಈ ಹಾಳು ಬಿಸಿಲಿನಲ್ಲಿ, ಸ್ಟಾರ್ಟರ್ ಕೆಂಪು ಕೋಟಿನ ಗುಂಡಿ ಹಾಕಿಕೊಳ್ಳುತ್ತಿರುವಾಗ. ಇನ್ನೂ ಹೊತ್ತುಂಟು, ಇಳಿದು ಹೋಗಬಹುದು, ಕಂಬಿಯ ಹತ್ತಿರ ನಿಂತು ಕೂಗಬಹುದು, ನಿರೀಕ್ಷಾ, ನಾನು ಹತ್ತಿರ ಇಟ್ಟಿದ್ದೆ, ಮೊದಲಿಂದಲೇ ನಾಲ್ಕು ಹೆಜ್ಜೆ ಹಾಕು, ಗೆಲ್ಲುದು ಬೇಡ, ಮುಗಿಸು ಸಾಕು. ಎದ್ದೆ ಕೂಡ. ಗುಣವತಿ ನನ್ನ ಕೈ ಹಿಡಿದು ಕೂರಿಸಿದರು, ಕೂತ್ಕೊಳ್ಳಿ ಮೇಡಂ, ನಿಮಗೇ ಇಷ್ಟು ಹೆದರಿಕೆಯಾದ್ರೆ ನನ್ನ ಕತೆ ಎಂತ, ಅವಳಿಗೆ ಹೆದರಿಕೆ ಇಲ್ಲ, ಮೇಡಂ ಅಳೆದು ಇಟ್ಟದ್ದು ಅಂತ ನಿನ್ನೆ ಊಟ ಮಾಡುವಾಗಲೂ ಹೇಳ್ತಿದ್ಲು. ಒರಟು ಕೈ, ಬೆಚ್ಚಗಿನ ಕೈ. ಬಿಡಿಸಿಕೊಳ್ಳಬಹುದಿತ್ತು. ಕೂತೆ.

ಗುಂಡು. ಮೊದಲನೆಯದು ಚೆಂದ, ಎಲ್ಲರಿಗಿಂತ ಮುಂದೆ, ಎರಡನೆಯದು, ಮೂರು ಹೆಜ್ಜೆ, ಮೂರನೆಯದು, ನೋಡಿ ಮೇಡಂ ನೋಡಿ, ಗುಣವತಿ ಎದ್ದು ನಿಂತಿದ್ದಾರೆ, ನಾಲ್ಕನೆಯದು, ಎಳೆಯುತ್ತಿದ್ದಾಳೆ, ಕಾಲು ಎಳೆದು ಎಳೆದು ಹಾಕುತ್ತಿದ್ದಾಳೆ, ನನ್ನ ತೊಡೆಯೂ ಬಿಗಿಯುತ್ತದೆ, ಐದನೆಯದು, ಹಿಮ್ಮಡಿ ತಾಗಿತು, ಹರ್ಡಲ್ ಅಲುಗಿತು, ನಾಲ್ಕು ಹಾಕು ಮಗಾ, ನಾಲ್ಕು ಹಾಕು, ಹಾಕುವುದಿಲ್ಲ, ನಾನು ಹೇಳಿಕೊಟ್ಟದ್ದು ಮೂರು, ಆರನೆಯದು, ಒಂದು ಎರಡು ಮೂರು — ಏಳನೆಯದರ ಎದುರು ಎರಡೂ ಕೈ ಮುಂದೆ ಚಾಚಿ ನಿಂತುಬಿಟ್ಟಳು. ಬೀಳಲಿಲ್ಲ. ಬಿದ್ದಿದ್ದರೆ ಕಾಲು ಜಾರಿತು ಅಂತಲಾದರೂ ಹೇಳಬಹುದಿತ್ತು, ನೋಡು, ಈಗಲೂ ಹೇಗೆ ಹೋಗುತ್ತದೆ ನನ್ನ ಬುದ್ಧಿ. ಉಳಿದ ಏಳು ಮಂದಿ ದಾಟಿ ಹೋದರು, ಆ ಕಡೆ ಚಪ್ಪಾಳೆ, ಮೈಕಿನಲ್ಲಿ ಯಾರದೋ ಹೆಸರು. ಅವಳು ಏಳನೆಯದರ ಪಟ್ಟಿಯ ಮೇಲೆ ಕೈಯಿಟ್ಟು ಉಸಿರು ತಗೊಳ್ಳುತ್ತಾಳೆ, ತಿರುಗಿ ಆರನೆಯದನ್ನು ನೋಡುತ್ತಾಳೆ, ಹಿಂದಕ್ಕೆ ನಡೆಯುತ್ತಾಳೆ, ಬೇಡ, ಬೇಡ ಮಾರಾಯ್ತಿ, ಅದರ ಬುಡಕ್ಕೆ ಹಿಮ್ಮಡಿ ಒತ್ತಿ ನಿಲ್ಲುತ್ತಾಳೆ. ಹಿಮ್ಮಡಿ, ಬೆರಳು. ಕಿತ್ತಳೆ, ಕಿತ್ತಳೆ. ಬಿಳಿ ಟೊಪ್ಪಿಯವ ದೂರದಲ್ಲಿ ಹರ್ಡಲ್ ಎತ್ತುತ್ತಿದ್ದಾನೆ, ಈಗ ಓಡಿಸಲು ಯಾರೂ ಇಲ್ಲ. ಎಂತ ಮಾಡುದು ಮೇಡಂ ಅವಳು, ಗುಣವತಿ ಕೇಳುತ್ತಾರೆ, ನನ್ನ ಕೈ ಇನ್ನೂ ಅವರ ಕೈಯಲ್ಲೇ ಉಂಟು, ಅಳೆಯುತ್ತಿದ್ದಾಳೆ ಅನ್ನುತ್ತೇನೆ, ಹನ್ನೆರಡು, ಹದಿಮೂರು, ಅವಳ ತುಟಿಯ ಜೊತೆ ನನ್ನದೂ ಆಡುತ್ತದೆ, ಇಪ್ಪತ್ತೊಂಬತ್ತು, ಮೂವತ್ತು, ತಲೆ ಎತ್ತುವುದಿಲ್ಲ ಅವಳು, ಮೂವತ್ತೆರಡು, ಮೂವತ್ತಮೂರು. ನಿಂತಳು. ಬೆರಳಿನ ತುದಿಗೂ ಏಳನೆಯ ಹರ್ಡಲಿನ ಬುಡಕ್ಕೂ ನಡುವೆ ಕೆಂಪು ಟ್ರ್ಯಾಕು, ಖಾಲಿ, ಒಂದು ಶೂನಷ್ಟು. ಹಿಂದಿನ ಪಾದವನ್ನು ಮೆಲ್ಲ ಎತ್ತಿ ತಂದು ಅಲ್ಲಿ ಇಟ್ಟಳು.