ಪಾಕದ ಡಬ್ಬಿಯ ಮೇಲೆ ಎರಡೇ ಹೆಸರು

ಆ ಬೆಳಿಗ್ಗೆ ನೆಲ ಇನ್ನೂ ಹೆಪ್ಪುಗಟ್ಟಿಕೊಂಡೇ ಇತ್ತು, ಗಾಳಿ ಮಾತ್ರ ಮನಸ್ಸು ಬದಲಾಯಿಸಿತ್ತು. ಹೊಳೆಯ ಮೇಲಿನ ಮಂಜು ಉಕ್ಕುವ ಹಾಲಿನ ಹಾಗೆ ಏರಿ ಬಂದು ಗುಡ್ಡದ ಸೊಂಟದವರೆಗೂ ತುಂಬಿತ್ತು. ಮೇಲೆ ನಿಂತು ನೋಡಿದರೆ ಇಗರ್ಜಿಯ ಬಿಳಿ ಗೋಪುರದ ತುದಿಯೊಂದೇ ಕಾಣುತ್ತಿತ್ತು. ದೇವರು ನಮ್ಮ ಊರನ್ನು ಇನ್ನೂ ನಿದ್ದೆಯಿಂದ ಎಬ್ಬಿಸಿಲ್ಲವೇನೋ ಅನ್ನುವ ಹಾಗೆ. ಏಪ್ರಿಲ್ ತಿಂಗಳು. ಇರುಳು ಹೆಪ್ಪು, ಹಗಲು ಎಳೆಬಿಸಿಲು. ಮೇಪಲ್ ಮರ ರಸ ಇಳಿಸುವುದಕ್ಕೆ ಅಷ್ಟು ಸಾಕು. ಮಂಜಿನೊಳಗೆ ಮರ ಕಾಣದಿದ್ದರೂ, ಒಂದೊಂದರ ಸೊಂಟಕ್ಕೂ ತೂಗಿಬಿಟ್ಟ ಬಕೆಟ್ಟಿನಲ್ಲಿ ಹನಿ ಬೀಳುವ ಸದ್ದು ಕೇಳುತ್ತಿತ್ತು.

ನಮ್ಮ ಗುಡ್ಡದಲ್ಲಿ ಸಸಿ ನೆಟ್ಟವರು ರಸ ಕುಡಿದವರಲ್ಲ. ಮೇಪಲ್ ಮರ ರಸ ಇಳಿಸುವ ಕೊಳವೆ ತಾಳುವಷ್ಟು ದಪ್ಪವಾಗಬೇಕಾದರೆ ನಲವತ್ತು ವರ್ಷ ಬೇಕು. ನಾನು ಉಂಡದ್ದು ಮುತ್ತಜ್ಜ ಜೋಥಮ್ ಕಿಂಬಲ್ ನೆಟ್ಟ ಮರದ ರಸ ಕಾಯಿಸಿದ ಪಾಕ. ಅದರಲ್ಲಿ ನಾಚಿಕೆಪಡುವುದೇನೂ ಇಲ್ಲವೆಂದು ಬದುಕಿದವನು ನಾನು.

ಮುತ್ತಜ್ಜ ಇನ್ನೊಂದನ್ನೂ ಬಿಟ್ಟುಹೋಗಿದ್ದ. ಬೆಟ್ಟದಾಚೆಯ ಕಾಲೇಜಿನಲ್ಲಿ ಓದುತ್ತಿದ್ದಾಗ ಅಲ್ಲಿನ ಗ್ರಂಥಾಲಯದಿಂದ ನಕ್ಷತ್ರಗಳನ್ನು ಕುರಿತ ಒಂದು ಪುಸ್ತಕ ತಂದಿದ್ದನಂತೆ. ಅಷ್ಟರಲ್ಲಿ ಯುದ್ಧ ಬಂತು. ಪುಸ್ತಕ ಅವನ ಚೀಲದಲ್ಲಿ ಯುದ್ಧಕ್ಕೆ ಹೋಯಿತು, ಅವನ ಜತೆಯಲ್ಲೇ ಮನೆಗೆ ಬಂತು, ಕಾಲೇಜಿಗೆ ಮಾತ್ರ ಹೋಗಲಿಲ್ಲ. ‘ನನ್ನ ಮಗ ಕೊಟ್ಟುಬರ್ತಾನೆ’ ಅಂದನಂತೆ. ಮಗ ಅದನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಹೋದ, ನಾಲ್ಕು ವರ್ಷ ಓದಿದ, ಪದವಿಯ ಜತೆಗೆ ಪುಸ್ತಕವನ್ನೂ ಹೊತ್ತು ತಂದ. ನನ್ನಪ್ಪನೂ ಹಾಗೇ ಮಾಡಿದ, ನಾನೂ ಹಾಗೇ ಮಾಡಿದೆ. ‘ಪುಸ್ತಕ ವಾಪಸ್ ಕೊಡೋಕಾದ್ರೂ ನಮ್ಮನೆಯಿಂದ ಒಬ್ಬರು ಅಲ್ಲಿಗೆ ಹೋಗಲೇಬೇಕಲ್ಲ!’ ಇದು ಹಬ್ಬದೂಟದಲ್ಲಿ ನಮ್ಮ ಮನೆಯ ಹಳೆಯ ನಗೆಮಾತು. ನನ್ನ ಮಗಳ ಕಾಲದಲ್ಲಿ ಆ ಕಾಲೇಜು ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಮೊಮ್ಮಗಳು ಥರ್ಜಾಳ ಕಾಲಕ್ಕೆ ಬಾಗಿಲು ತೆರೆದಿತ್ತು.

ಹಿಂದಿನ ಶರತ್ಕಾಲದಲ್ಲಿ ಅವಳು ಅಡುಗೆಮನೆಯ ಮೇಜಿನ ಮೇಲೆ ಅರ್ಜಿ ತುಂಬುತ್ತಿದ್ದಳು. ‘ನಿಮ್ಮ ಮನೆಯವರು ಯಾರಾದರೂ ಇಲ್ಲಿ ಓದಿದ್ದಾರೆಯೇ?’ ಎಂಬ ಸಾಲಿನ ಮುಂದೆ ಏನನ್ನೂ ಬರೆದಿರಲಿಲ್ಲ. ಓದಿದವರ ಮನೆಯ ಮಕ್ಕಳಿಗೆ ಅಲ್ಲಿ ಮೊದಲ ಮಣೆ.

“ಇದನ್ನ ಮರೆತೆಯಲ್ಲ ಮಗು?”

“ಮರೆತಿಲ್ಲ ತಾತ, ಬೇಕಂತಲೇ ಬಿಟ್ಟೆ.”

“ನಾಲ್ಕು ತಲೆಮಾರು ಕಣೇ!”

“ಅದಕ್ಕೇ. ನನ್ನ ಹೆಸರಿನ ಕೊನೆಗೆ ಇರೋದು ಅಪ್ಪನ ಮನೆತನ, ಲಿಂಡ್‌ಕ್ವಿಸ್ಟ್. ಅವರಿಗೆ ಗೊತ್ತಾಗಲ್ಲ. ನನ್ನನ್ನ ಕರೆದರೆ ನನ್ನನ್ನೇ ಕರೆದಿದ್ದು ಅಂತ ನನಗೆ ಗೊತ್ತಾಗ್ಬೇಕು. ಬೇಡ ಅಂದ್ರೆ ಬೇಡ. ನೀವು ಯಾರ ಹತ್ರಾನೂ ಒಂದು ಮಾತೂ ಆಡಕೂಡದು.”

“ಆಡಲ್ಲಮ್ಮ,” ಅಂದೆ.

ಮಾತು ಆಡಲಿಲ್ಲ, ನಿಜ.

ಆ ಮಂಜಿನ ಬೆಳಿಗ್ಗೆ ಥರ್ಜಾ ಮತ್ತು ನಾನು ಸೇರಿ ನಾಲ್ವರು ಆಲೆಮನೆಯಲ್ಲಿದ್ದೆವು. ಕಬ್ಬಿನ ಆಲೆಮನೆ ನೋಡಿದವರಿಗೆ ಇದು ಹೊಸದೇನಲ್ಲ. ಅದೇ ಉರಿ, ಅದೇ ಕೊಪ್ಪರಿಗೆ, ಮಾಡಿನ ಸಂದಿಯಿಂದ ಆಕಾಶಕ್ಕೆ ಹೋಗುವ ಅದೇ ಸಿಹಿ ಹಬೆ. ಕೊಪ್ಪರಿಗೆಯ ಮುಂದೆ ಅರ್ಮಾಂಡ್ ಬುಷಾರ್ ನಿಂತಿದ್ದ. ಇಪ್ಪತ್ತು ವರ್ಷಗಳಿಂದ ಅವನೂ ನಾನೂ ಪಾಲಿನಲ್ಲಿ ಪಾಕ ಕಾಯಿಸುತ್ತಿದ್ದೇವೆ. ಅವನ ಮಗಳು ಡೆಲ್ಫೀನ್ ಥರ್ಜಾಳ ತರಗತಿಯವಳು, ಅದೇ ಕಾಲೇಜಿಗೆ ಅವಳೂ ಬರೆದಿದ್ದಳು. ಗಣಿತದಲ್ಲಿ ಅವಳ ಸಮಕ್ಕೆ ಬರುವವರು ನಮ್ಮ ಕಣಿವೆಯಲ್ಲಿ ಇರಲಿಲ್ಲ.

ಅಂಚೆಯ ಗಾಡಿ ಕೆಸರಿನಲ್ಲಿ ಹೊರಳಾಡುತ್ತಾ ಬಂತು. ನಮ್ಮ ಕಡೆ ಮಕ್ಕಳಿಗೂ ಗೊತ್ತು, ದಪ್ಪ ಲಕೋಟೆ ಬಂದರೆ ಬಾ ಅಂತ, ತೆಳ್ಳಗಿದ್ದರೆ ಬೇಡ ಅಂತ. ಥರ್ಜಾಳ ಕೈಗೆ ದಪ್ಪದ್ದು ಬಂತು. ಡೆಲ್ಫೀನಳ ಕೈಗೆ ತೆಳ್ಳಗಿನದು.

ಡೆಲ್ಫೀನ್ ಮೊದಲು ಒಡೆದಳು. “ಕಾಯುವವರ ಪಟ್ಟೀಲಿ ಇದ್ದೀನಂತೆ. ಯಾರಾದರೂ ಬರಲ್ಲ ಅಂದರೆ ನೋಡ್ತಾರಂತೆ.”

“ಕಾಯೋದು ನಮ್ಮನೆ ವಿದ್ಯೆ ಬಿಡು,” ಅರ್ಮಾಂಡ್ ನೊರೆ ತೆಗೆಯುತ್ತಾ ಅಂದ. “ಇಪ್ಪತ್ತು ವರ್ಷದಿಂದ ಈ ಕೊಪ್ಪರಿಗೆ ಮುಂದೆ ನಾನೇನು ಮಾಡ್ತಾ ಇದ್ದೀನಿ ಮತ್ತೆ?” ನಕ್ಕ. ನಗೆ ಮೀಸೆಯಿಂದ ಮೇಲೆ ಕಣ್ಣಿಗೆ ಏರಲಿಲ್ಲ.

ಥರ್ಜಾ ತನ್ನದನ್ನು ಓದಿದಳು. ಅವಳ ಮುಖ ಅರಳಿತು. ಆ ಬೆಳಕನ್ನು ನಾನು ಕಣ್ಣಾರೆ ಕಂಡೆ. ಆಮೇಲೆ ಹಾಳೆಯ ಕೆಳಗೆ ಶಾಯಿಯಲ್ಲಿ ಕೈಯಾರೆ ಬರೆದಿದ್ದ ಎರಡು ಸಾಲಿಗೆ ಬಂದಳು. ಗಾಳಿ ತಗುಲಿದ ದೀಪದ ಹಾಗೆ ಆ ಬೆಳಕು ಬಾಗಿತು. ಹಾಳೆಯನ್ನು ನನ್ನ ಕೈಗಿಟ್ಟಳು.

‘ಐದನೆಯ ಕಿಂಬಲ್‌ಗೆ ಸ್ವಾಗತ. ಕ್ರಿಸ್‌ಮಸ್ ಡಬ್ಬಿಯ ಚೀಟಿ ಓದದೇ ಹೋಗಿದ್ದರೆ ನೀವು ಯಾರೆಂದು ನಮಗೆ ಗೊತ್ತೇ ಆಗುತ್ತಿರಲಿಲ್ಲ. ತಾತನಿಗೆ ನಮಸ್ಕಾರ ತಿಳಿಸಿ.’ ಕೆಳಗೆ ಡೀನ್ ಪ್ರೆಂಟಿಸರ ಸಹಿ.

“ಯಾವ ಚೀಟಿ ತಾತ?”

ನಮ್ಮ ಗುಡ್ಡದಲ್ಲಿ ಒಂದು ಪದ್ಧತಿಯಿದೆ. ಆ ವರ್ಷ ಮರಗಳಿಗೆ ಬಕೆಟ್ಟು ಕಟ್ಟಿದವರು ಯಾರೋ ಅವರ ಹೆಸರನ್ನು ಪಾಕದ ಡಬ್ಬಿಯ ಚೀಟಿಯ ಮೇಲೆ ಬರೆಯಬೇಕು. ಕ್ರಿಸ್‌ಮಸ್ಸಿಗೆ ಡೀನ್ ಅವರ ಮನೆಗೆ ಒಂದು ಡಬ್ಬಿ ಕಳಿಸುವುದು ನನಗೆ ಮೂವತ್ತು ವರ್ಷದ ರೂಢಿ, ಅವರ ಅಪ್ಪ ನನ್ನ ಜತೆ ಓದಿದವನು. ಆ ಸಲವೂ ಕಳಿಸಿದೆ, ಆ ಸಲವೂ ಬರೆದೆ. ‘ಅಸಾಹೆಲ್ ಕಿಂಬಲ್, ಮತ್ತು ಅವನ ಮೊಮ್ಮಗಳು ಥರ್ಜಾ ಲಿಂಡ್‌ಕ್ವಿಸ್ಟ್.’

“ನಾನು ಮಾತು ಆಡಲಿಲ್ಲ ಮಗು. ಪ್ರತಿ ವರ್ಷ ಬರೆಯೋ ಹಾಗೆ ಬರೆದೆ, ಅಷ್ಟೇ.”

“ಹೋದ ವರ್ಷ ಬಕೆಟ್ಟು ಕಟ್ಟಿದ್ದು ನಾಲ್ಕು ಜನ,” ಅಂದಳು ಡೆಲ್ಫೀನ್. ದನಿಯಲ್ಲಿ ಸಿಟ್ಟಿರಲಿಲ್ಲ. ಲೆಕ್ಕದ ಹುಡುಗಿ, ಎಣಿಸಿ ಹೇಳಿದಳು.

“ಚೀಟಿ ಚಿಕ್ಕದಿತ್ತು,” ಅಂದೆ.

ಅರ್ಮಾಂಡ್ ಸೌಟನ್ನು ಕೆಳಗಿಟ್ಟ. “ಬೇರೆ ವರ್ಷ ನನ್ನ ಹೆಸರು ಹಿಡಿಸ್ತಿತ್ತಲ್ಲ ಅಸಾಹೆಲ್. ನಾನೇನು ಈಗ ದಪ್ಪಗಾದ್ನೇನೋ?”

ಯಾರೂ ನಗಲಿಲ್ಲ. ಹಬೆ ಇಳಿದು ನಮ್ಮ ನಡುವೆ ಬಂತು. ಆ ಬೆಳ್ಳಗಿನದರಲ್ಲಿ ನನಗೆ ಏನೇನೋ ಕಂಡಿತು, ವಯಸ್ಸಾದವರಿಗೆ ಹಾಗೆ ಕಾಣುತ್ತದೆ. ಮುತ್ತಜ್ಜ, ಅಜ್ಜ, ಅಪ್ಪ ಒಬ್ಬರ ಹಿಂದೊಬ್ಬರು ಮಂಜಿನಲ್ಲಿ ಬೆಟ್ಟ ಹತ್ತುತ್ತಿದ್ದರು, ಕಂಕುಳಲ್ಲಿ ಅದೇ ಪುಸ್ತಕ. ಅವರಿಗೆ ದಾರಿ ಹುಡುಕುವ ಕಷ್ಟವೇ ಇರಲಿಲ್ಲ, ಬಾಗಿಲು ತಾನಾಗಿ ತೆರೆಯುತ್ತಿತ್ತು. ಬಾಗಿಲ ಪಕ್ಕದಲ್ಲಿ ಯಾರೋ ಸಾಲಾಗಿ ನಿಂತಿದ್ದರು. ಅವರ ಮುಖ ನೋಡಲು ಹೋದೆ, ಮಂಜು ಬಿಡಲಿಲ್ಲ. ಅಷ್ಟು ವರ್ಷ ಊಟದ ಮುಂಚೆ ‘ಕೊಟ್ಟದ್ದಕ್ಕೆ ವಂದನೆ’ ಎಂದು ತಲೆ ಬಾಗಿಸಿದ್ದೇನೆ. ಯಾರ ತಟ್ಟೆಯಿಂದ ಎತ್ತಿ ಕೊಟ್ಟದ್ದೆಂದು ಒಂದು ದಿನವೂ ದೇವರನ್ನು ಕೇಳಿರಲಿಲ್ಲ. ಡಿಸೆಂಬರಿನಲ್ಲಿ ಆ ಚೀಟಿ ಬರೆಯುವಾಗ ನನ್ನ ಕೈ ಒಂದು ಗಳಿಗೆ ನಿಂತದ್ದೂ ಆಗ ನೆನಪಾಯಿತು. ನಿಂತಿತ್ತು. ಮತ್ತೆ ಬರೆದಿತ್ತು.

“ನನಗೆ ಒಂದೇ ಒಂದು ವಿಷಯ ಗೊತ್ತಾಗ್ಬೇಕಿತ್ತು,” ಥರ್ಜಾ ಮೆಲ್ಲಗೆ ಅಂದಳು. “ಇನ್ನು ಯಾವತ್ತೂ ಗೊತ್ತಾಗಲ್ಲ.”

ಅವಳು ಹೊರಗೆ ಹೋದಳು. ಅವಳ ಹಿಂದೆಯೇ ಹೋದ ಡೆಲ್ಫೀನ್ ಮರದ ನೆರಳಿನಲ್ಲಿ ಉಳಿದಿದ್ದ ಹಿಮದ ಮೇಲೆ, ತಿನ್ನಲೆಂದು, ಬಿಸಿ ಪಾಕ ಸುರಿದಳು. ಅದು ಗಟ್ಟಿಯಾಗಿ ಹೊನ್ನಿನ ದಾರದಂತೆ ಎದ್ದಿತು. ಇಬ್ಬರೂ ಕೊರಡಿನ ಮೇಲೆ ಕೂತರು. ಆಮೇಲೆ ಡೆಲ್ಫೀನ್, ನಮ್ಮ ಕಡೆ ಈ ಪಾಕಕ್ಕೆ ನಂಚಿಕೊಳ್ಳುವ ಹುಳಿ ಸೌತೆಕಾಯಿಯನ್ನು ಥರ್ಜಾಳ ಕಡೆ ಚಾಚಿದಳು.

“ತಗೋ. ನಿಂಗೆ ಸಿಹಿ ಜಾಸ್ತಿ ಆಗಿದೆ.”

ಥರ್ಜಾ ಅಳುತ್ತಲೇ ನಕ್ಕು ಕಚ್ಚಿದಳು.

ಭಾನುವಾರ ಇಗರ್ಜಿಯಿಂದ ಬರುವಾಗ ಹೇಳಿದಳು. “ತಾತ, ಬರಲ್ಲ ಅಂತ ಅವರಿಗೆ ಬರೆದು ಹಾಕಿದೆ. ಸರ್ಕಾರಿ ವಿಶ್ವವಿದ್ಯಾಲಯದವರು ಫೆಬ್ರವರಿಯಲ್ಲೇ ಕರೆದಿದ್ದಾರಲ್ಲ, ಅಲ್ಲಿಗೆ ಹೋಗ್ತೀನಿ. ಅವರು ನಮ್ಮ ಪಾಕದ ರುಚಿ ನೋಡಿಲ್ಲ.”

“ಬುಧವಾರ ನನ್ನನ್ನ ಬೆಟ್ಟದಾಚೆ ಕರಕೊಂಡು ಹೋಗ್ತೀಯಾ?” ಅಂದೆ.

ಅವಳೇ ಗಾಡಿ ಓಡಿಸಿದಳು. ಕಾಲೇಜಿನ ಅಂಗಳದಲ್ಲಿ ನನ್ನನ್ನು ಇಳಿಸಿ, “ನಾನು ಇಲ್ಲೇ ಇರ್ತೀನಿ, ನಿಧಾನಕ್ಕೆ ಬನ್ನಿ” ಅಂದಳು. ನಾನು ಮೊದಲು ಹೋದದ್ದು ಡೀನ್ ಅವರ ಬಾಗಿಲಿಗೆ. ಮನಸ್ಸಿನಲ್ಲಿ ಮಾತು ಸಿದ್ಧವಾಗಿತ್ತು: ಡೆಲ್ಫೀನ್ ಬುಷಾರ್ ಅಂತ ಒಬ್ಬಳಿದ್ದಾಳೆ, ಬಂಗಾರದಂಥ ಹುಡುಗಿ, ನನ್ನ ಮಾತು ನಂಬಿ. ತಟ್ಟಲು ಕೈ ಎತ್ತಿದೆ. ಆ ಕೈಯನ್ನು ಗುರುತು ಹಿಡಿದೆ. ಚೀಟಿ ಬರೆದದ್ದೂ ಅದೇ ಕೈ. ನನ್ನ ಮಾತಿನಿಂದ ತೆರೆದ ಬಾಗಿಲಾದರೆ ಆ ಮಗುವಿಗೂ ಗೊತ್ತಾಗಬೇಕಾದದ್ದು ಗೊತ್ತಾಗದೆ ಹೋಗುತ್ತದೆ. ಥರ್ಜಾ ಬಿಟ್ಟ ಜಾಗ ಅವಳಿಗೇ ಸಿಗಲೆಂದು ಆಸೆ ಇತ್ತು, ಇಲ್ಲವೆನ್ನಲಾರೆ. ಅದನ್ನು ಪ್ರಾರ್ಥನೆಗೆ ಬಿಟ್ಟೆ. ಕೈ ಇಳಿಸಿ ಗ್ರಂಥಾಲಯದ ಕಡೆ ನಡೆದೆ.

ಅಲ್ಲಿ ಕನ್ನಡಕದ ಹೆಣ್ಣುಮಗಳೊಬ್ಬಳು ಕೂತಿದ್ದಳು. ಕಂಕುಳಲ್ಲಿದ್ದ ಮುತ್ತಜ್ಜನ ಪುಸ್ತಕವನ್ನು ಅವಳ ಮುಂದಿಟ್ಟೆ.

“ವಾಪಸ್ಸಾ? ಯಾರ ಹೆಸರಲ್ಲಿದೆ?”

“ಜೋಥಮ್ ಕಿಂಬಲ್.”

ಉದ್ದನೆಯ ಪೆಟ್ಟಿಗೆಯಲ್ಲಿ ಕಾರ್ಡುಗಳನ್ನು ಸರಿಸಿ ಸರಿಸಿ ನೋಡಿದಳು. “ಇಲ್ವಲ್ಲ. ಯಾವಾಗ ತಗೊಂಡಿದ್ದು?”

“ಯುದ್ಧಕ್ಕೆ ಹೋಗೋಕೆ ಮುಂಚೆ.”

“ಯಾವ ಯುದ್ಧ?”

“ಗುಲಾಮರನ್ನ ಬಿಡಿಸಿದ್ದು.”

ಅವಳು ಕನ್ನಡಕ ತೆಗೆದು ನನ್ನನ್ನೂ ಪುಸ್ತಕವನ್ನೂ ನೋಡಿದಳು. “ಅಲ್ಲ, ಇಷ್ಟು ವರ್ಷ ನಿಮ್ಮ ಮನೆಯವರು ಯಾರೂ ಈ ಕಡೆ ಬರಲೇ ಇಲ್ವಾ?”

“ಬಂದಿದ್ವಿ ತಾಯಿ. ಮೂರು ಜನ ಬಂದಿದ್ವಿ. ಪ್ರತಿ ಸಲಾನೂ ಜತೇಲೇ ತಂದಿದ್ವಿ.”

ಕಿಟಕಿಯಾಚೆ ಅಂಗಳದ ಮೇಲೆ ಮಂಜು ಹರಿಯುತ್ತಿತ್ತು, ಗಾಡಿಗೆ ಒರಗಿ ಥರ್ಜಾ ಮೇಲೆ ನೋಡುತ್ತಾ ನಿಂತಿದ್ದಳು. ನಾನು ಪುಸ್ತಕವನ್ನು ಇನ್ನೊಂದು ಗೇಣು ಆ ಕನ್ನಡಕದವಳ ಕಡೆಗೆ ಸರಿಸಿ, ಅದರ ಮೇಲಿದ್ದ ಕೈಯನ್ನು ತೆಗೆದೆ.