ಹ್ಯಾರೊಂಬಿಯ ನಡುವಿನ ತಂತಿಬೇಲಿ

೧

ಎಲ್ಲಿಂದ ಶುರು ಮಾಡಲಿ? ಗುಡ್ಡದಿಂದ ಕೆಳಗಿಳಿಯಲೋ, ಹೊಳೆಯಿಂದ ಮೇಲೆ ಹತ್ತಲೋ? ನಮ್ಮ ಹ್ಯಾರೊಂಬಿ ಪ್ಯಾರಿಷ್, ಅಂದರೆ ಒಂದೇ ಚರ್ಚಿಗೆ ಸೇರಿದ ಊರು, ಹಿಂಡಿಟ್ಟ ಟವೆಲ್ಲಿನಂತೆ ಉದ್ದಕ್ಕೆ, ಸಪೂರಕ್ಕೆ ಬಿದ್ದುಕೊಂಡಿದೆ. ಹಿಂದಿನವರು ಬೇಕೆಂದೇ ಹೀಗೆ ಗಡಿ ಹಾಕಿದ್ದರು: ಕುರಿ ಮೇಯಲು ಒಂದಿಷ್ಟು ಗುಡ್ಡ, ಹುಲ್ಲು ಕೊಯ್ಯಲು ಒಂದಿಷ್ಟು ಹೊಳೆದಂಡೆ ಎರಡೂ ಸಿಗಲೆಂದು. ಚರ್ಚು ಮೇಲೆ, ಎಂಟು ಮನೆಗಳಿರುವ ಕೆಳಗಿನ ಕೇರಿ ಹೊಳೆಯಾಚೆ. ನಡುವೆ ಒಂದು ಕಾಲುದಾರಿ.

(ಇಷ್ಟು ಓದಿ ಈನಿಡ್ ಕಾಬೋಲ್ಡ್, "ನಕ್ಷೆ ಸಾಕು, ನನ್ನ ಗೆಳತಿ ಹಿಲ್ಡಾಳ ವಿಷಯಕ್ಕೆ ಬನ್ನಿ" ಎಂದರು. ಮೂವತ್ತು ವರ್ಷ ಈ ಊರಿನ ಟಪಾಲು ಹಂಚಿದವರು. ಕಥಾನಾಯಕಿಯೂ ಅವರೇ. ಮಾತು ಕೇಳಲೇಬೇಕು.)

೨

ಹೋದ ಚಳಿಗಾಲದಲ್ಲಿ ರಾಡ್ನಿ ಟಾಸ್ಕರ್ ತನ್ನ ಹೊಲ ಹಾಯುವ ಆ ದಾರಿಗೆ ತಂತಿಬೇಲಿ ಎಳೆದ. ಕೆಳಗಿನ ಕೇರಿಯ ಹಿಲ್ಡಾ ಕಾರು ಓಡಿಸುವುದನ್ನು ನಿಲ್ಲಿಸಿ ಎಷ್ಟೋ ಕಾಲವಾಗಿತ್ತು. ಈಗ ಚರ್ಚಿಗೆ ಲಾರಿ ರಸ್ತೆಯಲ್ಲಿ ಸುತ್ತಿ ನಡೆದರೆ ನಾಲ್ಕು ಮೈಲಿ. ಗೆಳತಿ ಮೂರು ತಿಂಗಳು ಮೇಲೆ ಬರದೆ ಉಳಿದಾಗ ಈನಿಡ್ ಆ ದಾರಿ ಊರವರದೇ ಎಂಬುದಕ್ಕೆ ಸಾಕ್ಷಿ ಹುಡುಕಲು ಚರ್ಚಿನ ಹಳೇ ಪೆಟ್ಟಿಗೆ ತೆಗೆಸಿ, ಕಾಗದಗಳ ಮುಂದೆ ಕೂತರು. ೧೭೮೩ರ ಪುಟವೊಂದರಲ್ಲಿ ಸಿಕ್ಕಿತು: "ಹೊಳೆಗೆ ಹೊಸ ಹಲಗೆ ಹಾಕಿಸಿದೆವು, ಊರವರೆಲ್ಲ ನಡೆದಾಡುವುದಕ್ಕೆ."

ಆ ಹಲಗೆ ಹಾಕಿದವನು ರಾಡ್ನಿಯ ಪೂರ್ವಜನೇ ಎಂದು ಬರೆದೆ.

"ಟಾಸ್ಕರ್ ಮನೆತನ ಇಲ್ಲಿಗೆ ಬಂದದ್ದೇ ೧೯೧೧ರಲ್ಲಿ," ಎಂದರು ಈನಿಡ್. "ಸುಳ್ಳು ಬರೀಬೇಡಿ."

ಹೊಡೆದುಹಾಕಿದೆ. ಒಳ್ಳೇ ತಿರುವಿತ್ತು, ಹೋಯಿತು.

೩

(ಮೊದಲ ಡ್ರಾಫ್ಟಿನಲ್ಲಿ ಇಲ್ಲೊಂದು ದೊಡ್ಡ ಜಗಳ, ರಾಡ್ನಿ ಕೇಡಿಗ, ಕೈಯಲ್ಲಿ ಕೋವಿ. ಅದನ್ನೂ ಈನಿಡ್ ಒಪ್ಪಲಿಲ್ಲ. ನಡೆದದ್ದು ಇಷ್ಟು.)

ಈನಿಡ್ ಆ ಪುಟದ ಪ್ರತಿ ಹಿಡಿದು ರಾಡ್ನಿಯ ಅಡುಗೆಮನೆಗೆ ಹೋದರು.

"ದಾರಿನ ಸರ್ಕಾರಿ ನಕ್ಷೆಗೆ ಸೇರಿಸಿ ಅಂತ ಇದನ್ನ ಕೌಂಟಿ ಆಫೀಸಿಗೆ ಕಳಿಸ್ತಿದೀನಿ ರಾಡ್ನಿ. ಬೆನ್ನ ಹಿಂದೆ ಮಾಡೋದು ಬೇಡ ಅಂತ ಬಂದೆ."

"ಕಳಿಸಿ." ಅವನು ಚಹಾದ ಲೋಟದಲ್ಲಿ ಚಮಚ ತಿರುವುತ್ತಲೇ ಇದ್ದ. "ಆ ದಾರೀಲಿ ಬಂದ ಯಾರದೋ ನಾಯಿ ನುಗ್ಗಿ ಗಬ್ಬದ ಕುರಿಗಳನ್ನ ಅಟ್ಟಾಡಿಸ್ತು, ಮಿಸೆಸ್ ಕಾಬೋಲ್ಡ್. ನಾಲ್ಕು ಸತ್ತವು. ನಾನೇ ಹೂತೆ."

"ಯಾರಿಗೂ ಹೇಳ್ಲೇ ಇಲ್ವಲ್ಲೋ."

"ಯಾರು ಕೇಳಿದ್ರು?"

ತಾವೂ ಕೇಳಿರಲಿಲ್ಲ ಎಂಬುದು ಈನಿಡ್‌ಗೆ ಚುಚ್ಚಿತು.

"ಮರಿ ಹಾಕೋ ತಿಂಗಳು ಪೂರ್ತಿ ಬೆಳಗ್ಗೆ ಬೆಳಗ್ಗೆ ನಾನೇ ಬಂದು ದಾರಿ ಕಾಯ್ತೀನಿ," ಎಂದರು. "ಚೈನು ಹಾಕದ ನಾಯಿ ಒಂದೂ ದಾಟಲ್ಲ. ಟಪಾಲಿನ ಚೀಲ ಹಿಡ್ಕೊಂಡು ನಾಯಿಗಳ ಜೊತೆ ಗುದ್ದಾಡಿದೋಳು ನಾನು."

ರಾಡ್ನಿ ನಕ್ಕುಬಿಟ್ಟ. ಆ ಶನಿವಾರ ತಂತಿ ಕತ್ತರಿಸಿ, ತಾನಾಗಿ ಮುಚ್ಚಿಕೊಳ್ಳುವ ಮರದ ಗೇಟು ಕೂರಿಸಿದ.

೪

ಮುಕ್ತಾಯಗಳು ಎರಡಿವೆ. ಕೌಂಟಿ ಆಫೀಸಿನವರು ದಾರಿಯನ್ನು ಸಾರ್ವಜನಿಕ ದಾರಿಗಳ ನಕ್ಷೆಗೆ ಸೇರಿಸುತ್ತಾರೆ, ಆಮೇಲೆ ಅದನ್ನು ಯಾರೂ ಮುಚ್ಚುವಂತಿಲ್ಲ. ಇಲ್ಲವೇ ಸಾಕ್ಷಿ ಸಾಲದು ಎನ್ನುತ್ತಾರೆ. ಆಗ ಅದು ರಾಡ್ನಿಯ ಮನಸ್ಸು ಇರುವ ತನಕದ ದಾರಿ. ಉತ್ತರ ಇನ್ನೂ ಬಂದಿಲ್ಲ. ನಾನಂತೂ ಉತ್ತರ ಕಟ್ಟಿ ಹೇಳುವುದಿಲ್ಲ.

ಇವತ್ತು ಭಾನುವಾರ. ಹಿಲ್ಡಾ ಕೋಲೂರಿಕೊಂಡು ಏರಿನ ಅರ್ಧಕ್ಕೆ ಬಂದು ನಿಂತಿದ್ದಾರೆ, ಪಕ್ಕದಲ್ಲಿ ಈನಿಡ್. ಮೇಲೆ ಗಂಟೆ ಬಡಿಯುತ್ತಿದೆ. ಇಲ್ಲಿಗೇ ಮುಗಿಸಲೇ ಎಂದು ಕೇಳಿದೆ.

"ಅವಳು ಸುಧಾರಿಸ್ಕೊಳ್ಳಲಿ, ಇನ್ನೂ ಹತ್ತೋದಿದೆ," ಎಂದರು ಈನಿಡ್. "ನಿಮಗೆ ಅವಸರ ಇದ್ರೆ ಮುಂದೆ ನಡೀರಿ. ಹಿಂದಿನ ಬೆಂಚಲ್ಲಿ ಇಬ್ಬರಿಗೆ ಜಾಗ ಹಿಡಿದಿಡಿ."