ಅರ್ಘ್ಯನ ಗೆರೆ ಎಲ್ಲೂ ಬಾಗಿರಲಿಲ್ಲ

ಅಮೆರಿಕದ ಬೆರ್ರಿಯೆಸಾದಲ್ಲಿ ನೆಲೆಸಿದ್ದ ಗಾರ್ಗಿಗೆ ಮಗನದೇ ಚಿಂತೆ. ಹನ್ನೆರಡು ತುಂಬಿದ ಅರ್ಘ್ಯ ಕ್ಲಾಸಿನ ಹುಡುಗರಲ್ಲೆಲ್ಲ ಗಿಡ್ಡ. ಗೆಳೆಯರು "ಥರ್ಡ್ ಗ್ರೇಡರ್", ಅಂದರೆ ಮೂರನೇ ಕ್ಲಾಸಿನವನು, ಎಂದು ಛೇಡಿಸಿದ್ದಕ್ಕೆ, ಶಾಲೆಯಲ್ಲಿ ಫೋಟೊ ತೆಗೆಯುವ ದಿನ ಹೊಟ್ಟೆನೋವೆಂದು ಮನೆಯಲ್ಲೇ ಉಳಿದ.

ಧಾರವಾಡದಿಂದ ಬಂದಿದ್ದ ಅಜ್ಜಿ ಅಂಬವ್ವ ಸುಮ್ಮನಿರಲಿಲ್ಲ. "ನಮ್ಮ ಓಣ್ಯಾಗ ಇವನ ವಾರಿಗಿ ಹುಡುಗ್ರು ಹೆಂಗ ಬೆಳದಾರ! ನಿನ್ನ ಗಂಡ ಬಂಗಾಲಿ. ಬರೇ ಮೀನು-ಅನ್ನ ತಿನಿಸಿದ್ರ ಇನ್ನೇನಾಗ್ತೈತಿ?"

ಗಾರ್ಗಿ ಎತ್ತರ ಬೆಳೆಸುವ ಪುಡಿ ತರಿಸಿಯೇಬಿಟ್ಟಳು. ಡಬ್ಬಿಯ ಮುಚ್ಚಳ ತಿರುವುವಾಗ ಪಕ್ಕದ ಅಪಾರ್ಟ್‌ಮೆಂಟಿನ ವೇದವತಿ ಬಂದಳು. ಮಕ್ಕಳ ಕ್ಲಿನಿಕ್ಕಿನಲ್ಲಿ ಅವಳು ನರ್ಸು.

"ಗಾರ್ಗಿ, ಇದರಲ್ಲಿ ಏನಿದೆ ಅಂತ ಸರಿಯಾಗಿ ಬರೆದೇ ಇಲ್ಲ! ಹಾರ್ಮೋನ್ ಏನಾದ್ರೂ ಬೆರೆತಿದ್ರೆ ಮೂಳೆ ಬೆಳೆಯೋದೇ ಬೇಗ ನಿಂತುಹೋಗಬಹುದು. ಅವನ ಚೆಕಪ್ ಪೇಪರ್ಸ್ ಕೊಡು."

ಆರನೇ ವಯಸ್ಸಿನಿಂದ ಬರೆದಿಟ್ಟ ಎತ್ತರಗಳನ್ನೆಲ್ಲ ವೇದವತಿ ಬೆಳವಣಿಗೆಯ ಚಾರ್ಟಿನ ಮೇಲೆ ಚುಕ್ಕಿಯಿಟ್ಟು ಸೇರಿಸಿದಳು. "ನೋಡು, ವರ್ಷಕ್ಕೆ ಹೆಚ್ಚುಕಮ್ಮಿ ಎರಡಿಂಚು. ಗೆರೆ ಸರಾಸರಿಗಿಂತ ಕೆಳಗಡೆ ಇದೆ, ಆದ್ರೆ ಎಲ್ಲೂ ಬಾಗಿಲ್ಲ."

"ಬಂಗಾಲಿ ಹುಡುಗ್ರು ಗಿಡ್ಡನ ಇರ್ತಾರಂತಲ್ಲ?" ಅಂಬವ್ವ ಬಿಡಲಿಲ್ಲ.

"ಬಂಗಾಲಿ ಆದ್ರೇನಮ್ಮ, ಧಾರವಾಡ ಆದ್ರೇನು? ಕೆಲವರು ಹನ್ನೆರಡಕ್ಕೇ ಜಿಗೀತಾರೆ, ಕೆಲವರು ಹದಿನಾಲ್ಕಕ್ಕೆ. ಇವರಪ್ಪ ಯಾವಾಗ ಬೆಳೆದಿದ್ದು, ಕೇಳಿ."

ಗಾರ್ಗಿ ಆಫೀಸಿನಲ್ಲಿದ್ದ ಗಂಡ ಅನಿರ್ಬಾನ್‌ಗೆ ಫೋನ್ ಮಾಡಿದಳು. ಅವನು ಜೋರಾಗಿ ನಕ್ಕ. ಒಂಬತ್ತನೇ ತರಗತಿಯವರೆಗೆ ಎಲ್ಲರಿಗಿಂತ ಗಿಡ್ಡನೆಂದು ಶಾಲೆಯ ಸಾಲಿನಲ್ಲಿ ಅವನೇ ಮೊದಲು ನಿಲ್ಲುತ್ತಿದ್ದನಂತೆ. ಆ ವರ್ಷ ದುರ್ಗಾಪೂಜೆಗೆ ಹೊಲಿಸಿದ ಪ್ಯಾಂಟು ಬೇಸಿಗೆಗೆ ಕಣಕಾಲಿನಿಂದ ಮೇಲಕ್ಕೇರಿತ್ತಂತೆ!

ಮರುವಾರ ಡಾಕ್ಟರೂ ಪರೀಕ್ಷಿಸಿ, ಹುಡುಗ ಗಟ್ಟಿಯಾಗಿದ್ದಾನೆ, ಕಾಯಿರಿ ಎಂದರು. ಪುಡಿ ಕಸದ ಬುಟ್ಟಿ ಸೇರಿತು. ಮೀನು-ಅನ್ನದ ಜೊತೆ ಅಜ್ಜಿಯ ಕಾಳುಪಲ್ಯ, ಮೊಸರು ಬಂದವು. ಹೊತ್ತಿಗೆ ಸರಿಯಾಗಿ ನಿದ್ದೆ, ಸಂಜೆ ಆಟ.

ಎರಡು ವರ್ಷ ಕಳೆಯಿತು. ಅಂಬವ್ವ ಮತ್ತೆ ಬಂದಿಳಿದಾಗ ಏರ್‌ಪೋರ್ಟಿನಲ್ಲಿ ಮೊಮ್ಮಗನ ಪಕ್ಕದಲ್ಲೇ ಹಾದುಹೋಗಿ, ಅತ್ತಿತ್ತ ಹುಡುಕಿದಳು.

"ಅಜ್ಜೀ, ಐ ಆ್ಯಮ್ ಹಿಯರ್!"

ಅವಳು ತಲೆಯೆತ್ತಿ ನೋಡಿದಳು. "ಎಲಾ ಇವನ! ನನಗಿಂತ ಎತ್ತರ ಆಗೀಯಲ್ಲೋ!"

"ಈ ಒಂದೇ ವರ್ಷಕ್ಕೆ ಮೂರೂವರೆ ಇಂಚು, ಅವ್ವಾ," ಎಂದಳು ಗಾರ್ಗಿ. ಅರ್ಘ್ಯ ಸೊಂಟ ಬಗ್ಗಿಸಿ ಅಜ್ಜಿಯನ್ನು ಅಪ್ಪಿಕೊಂಡ.

ತಾಯಂದಿರೇ, ತಂದೆಯರೇ, ನಿಮ್ಮ ಮಗುವನ್ನು ಪಕ್ಕದ ಮನೆಯ ಮಗುವಿನ ಜೊತೆ ನಿಲ್ಲಿಸಿ ಅಳೆಯಬೇಡಿ. ವರ್ಷಕ್ಕೊಮ್ಮೆ ಎತ್ತರ, ತೂಕ ಬರೆಸಿಡಿ. ಗೆರೆ ಕೆಳಕ್ಕೆ ಬಾಗಿದರೆ ಅಥವಾ ನಿಂತರೆ ಆ ವಾರವೇ ಡಾಕ್ಟರಿಗೆ ತೋರಿಸಿ. ಹಾಗಾಗದಿದ್ದರೆ ಚೆನ್ನಾಗಿ ಉಣಿಸಿ, ಮಲಗಿಸಿ, ಆಡಲು ಬಿಡಿ. ನಿಮ್ಮ ಮಗುವೂ ತನ್ನ ಹೊತ್ತಿಗೆ ಬೆಳೆಯುತ್ತದೆ.